ಬಾಡಿಗೆ ಕೇಳಬೇಕಾದ್ದು ಯಾರನ್ನು?

ಗುಂಡ್ಲುಪೇಟೆಯ ಓದುಗರೇ, ಮಹಡಿ ಕೋಣೆಯ ಇಬ್ಬರು ಪದವಿ ವಿದ್ಯಾರ್ಥಿಗಳು ‘ಸರ್ಕಾರದ ದುಡ್ಡು ಬಂದ ಮೇಲೆ ಕೊಡುತ್ತೇವೆ’ ಅನ್ನುತ್ತಾರೆ, ಆ ಹಣವನ್ನು ಕಚೇರಿಯಿಂದ ನಾನೇ ಪಡೆಯಬಹುದೇ ಎಂದು ಕೇಳಿದ್ದೀರಿ. ಆಗದು.

ಅವರು ಹೇಳುತ್ತಿರುವುದು ವಿದ್ಯಾಸಿರಿ ಇರಬೇಕು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುವ ಯೋಜನೆಯಾಗಿ ಅದು ಶುರುವಾಯಿತು. ಹಣ ಬೀಳುವುದು ವಿದ್ಯಾರ್ಥಿಯ ಖಾತೆಗೆ. ಅಮೆರಿಕದ ವಸತಿ ವೋಚರ್ ಪದ್ಧತಿಯಲ್ಲಿ ಸರ್ಕಾರದ ಪಾಲು ನೇರ ಮನೆ ಮಾಲೀಕರಿಗೆ ಹೋಗುತ್ತದೆ. ನಮ್ಮಲ್ಲಿ ಈ ನೆರವು ಕೊಡುವ ಇಲಾಖೆಗೂ ನಿಮಗೂ ಕರಾರೇ ಇಲ್ಲ. ಹಾಗಾಗಿ ಕರಾರುಪತ್ರದಲ್ಲಿ ಬಾಡಿಗೆಯ ದಿನಾಂಕವನ್ನು ನೆರವಿಗೆ ಗಂಟು ಹಾಕಬೇಡಿ, ಪೋಷಕರ ಸಹಿಯನ್ನೂ ಪಡೆಯಿರಿ. ಊಟದ ಖರ್ಚು ಕಳೆದರೆ ಆ ದುಡ್ಡಿನಲ್ಲಿ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ! ಬಾಕಿಯನ್ನು ಕಂತು ಮಾಡಿಕೊಡಿ. ಪರೀಕ್ಷೆಯ ಹೊತ್ತಿಗೆ ಮಕ್ಕಳನ್ನು ಹೊರಹಾಕುವುದು ನನಗೆ ಒಪ್ಪಿಗೆಯಿಲ್ಲ.

ಚಾಮರಾಜನಗರದ ನಿಮ್ಮ ಕಟ್ಟಡವನ್ನು ಸರ್ಕಾರಿ ಹಾಸ್ಟೆಲಿಗೆ ಬಾಡಿಗೆಗೆ ಕೊಡುವ ಬಗ್ಗೆಯೂ ಕೇಳಿದ್ದೀರಿ, ಆ ವಿಚಾರ ಬೇರೆ. ಅಲ್ಲಿ ಇಲಾಖೆಯೇ ಬಾಡಿಗೆದಾರ. ದರವನ್ನು ಲೋಕೋಪಯೋಗಿ ಇಲಾಖೆಯ ಅಂದಾಜಿನ ಮೇಲೆ ನಿಗದಿ ಮಾಡುತ್ತಾರೆ, ಪೇಟೆಯ ದರ ಸಿಗುತ್ತದೆಂದು ಎಣಿಸಬೇಡಿ. ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದರೆ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ನೋಂದಣಿ ಕಡ್ಡಾಯ. ಹಣ ಅನುದಾನದ ಬಿಡುಗಡೆಯನ್ನು ಕಾಯುತ್ತದೆ. ಬ್ಯಾಂಕಿನ ಕಂತು ಕಾಯುವುದಿಲ್ಲ. ಕಟ್ಟಡದ ಸಾಲವನ್ನು ಈ ಬಾಡಿಗೆಯೊಂದನ್ನೇ ನಂಬಿ ತೀರಿಸುವವರಾದರೆ, ಕೊಡಬೇಡಿ.