ಟ್ರೈಲರ್‌ಗೆ ಹೊಳಪು ಬರಲಿ, ಕೊಟ್ಟಿಗೆಗೆ ಹಳೆ ಬಣ್ಣ ಬಾರದಿರಲಿ



ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್ ಇರುವ ಮನೆಯ ಟ್ರೈಲರ್‌ಗೆ ಬಿಡುವೆಂಬುದಿಲ್ಲ. ಮೆಕ್ಕೆಜೋಳದ ತೆನೆ, ಭತ್ತದ ಹುಲ್ಲು, ಶುಂಠಿ, ಯೂರಿಯಾ ಚೀಲ, ತಿಪ್ಪೆಗೊಬ್ಬರ ಎಲ್ಲವೂ ಅದರಲ್ಲೇ ಸಾಗಬೇಕು. ಮಳೆಗಾಲ ಪೂರ್ತಿ ನೆನೆದು, ಬೇಸಿಗೆ ಪೂರ್ತಿ ಒಣಗಿ, ಕೆಲವು ವರ್ಷಗಳಲ್ಲಿ ಅದರ ಕೆಂಪು ಬಣ್ಣ ಬೂದಿ ಬಳಿದಂತಾಗುತ್ತದೆ. ಆಯುಧ ಪೂಜೆ, ದೀಪಾವಳಿ ಹತ್ತಿರ ಬಂದಾಗ ಮನೆಯವರು ಅದನ್ನು ಅಂಗಳಕ್ಕೆ ತಂದು, ಹಳೆ ಬಣ್ಣ ಕೆರೆದು, ಹೊಸ ಬಣ್ಣ ಬಳಿಯುತ್ತಾರೆ.

ಇದು ಗಂಡಸರ ಕೆಲಸ, ನಮಗೇಕೆ ಎಂದು ಸುಮ್ಮನಿರಬೇಡಿ. ಕೆರೆದ ಬಣ್ಣ ಬೀಳುವ ಅಂಗಳದಲ್ಲೇ ನಿಮ್ಮ ಕರು ಓಡಾಡುತ್ತದೆ. ಅದೇ ಟ್ರೈಲರ್‌ನಲ್ಲಿ ಬಂದ ಹುಲ್ಲನ್ನು ನೀವೇ ಗೋದಲಿಗೆ ಹಾಕುತ್ತೀರಿ. ಹಳೆ ಬಣ್ಣದಲ್ಲಿ ಸೀಸವಿದ್ದರೆ ಅದು ದನಕ್ಕೆ ವಿಷ. ಆದ್ದರಿಂದ ಈ ಪಾಠದಲ್ಲಿ ಎರಡು ವಿಷಯ ತಿಳಿಯೋಣ: ಮಾಸಿದ ಬಣ್ಣವನ್ನು ಕೆರೆಯದೆಯೇ ಎಷ್ಟರಮಟ್ಟಿಗೆ ಉಳಿಸಬಹುದು, ಕೆರೆಯಲೇಬೇಕಾದರೆ ರಾಸುಗಳಿಗೆ ತೊಂದರೆಯಾಗದಂತೆ ಹೇಗೆ ಕೆರೆಯಬೇಕು.

ಬಣ್ಣ ಮಾಸುವುದು ಏಕೆ?

ಬಣ್ಣದಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು, ಬಣ್ಣ ಕೊಡುವ ಪುಡಿ. ಇನ್ನೊಂದು, ಆ ಪುಡಿಯನ್ನು ತಗಡಿಗೆ ಹಿಡಿದಿಡುವ ಅಂಟು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೇಲ್ಪದರದ ಅಂಟನ್ನು ಸಡಿಲ ಮಾಡುತ್ತದೆ. ಆಗ ಪುಡಿ ಸುಣ್ಣದ ಹಾಗೆ ಮೇಲೆ ನಿಲ್ಲುತ್ತದೆ, ಕೈಯಾಡಿಸಿದರೆ ಬೆರಳಿಗೆ ಹತ್ತುತ್ತದೆ. ಇದನ್ನೇ ನಾವು ಬಣ್ಣ ಮಾಸಿದೆ ಎನ್ನುವುದು. ಹೀಗೆ ಕೆಡುವುದು ಮೇಲಿನ ತೆಳು ಪದರ ಮಾತ್ರ, ಕೆಳಗಿನ ಬಣ್ಣ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ.

ತುಕ್ಕಿನ ಕಥೆ ಬೇರೆ. ಸಗಣಿ, ಗಂಜಲ, ರಾಸಾಯನಿಕ ಗೊಬ್ಬರ ಮೂರರಲ್ಲೂ ಲವಣವಿದೆ. ಲವಣ ಗಾಳಿಯ ತೇವವನ್ನು ಎಳೆದುಕೊಂಡು ತಗಡನ್ನು ಒದ್ದೆಯಾಗಿಡುತ್ತದೆ. ಗೊಬ್ಬರ ಸಾಗಿಸಿದ ಟ್ರೈಲರನ್ನು ತೊಳೆಯದೆ ಬಿಟ್ಟರೆ ಬಣ್ಣದ ಸಣ್ಣ ಬಿರುಕಿನಲ್ಲೂ ತುಕ್ಕು ಹಿಡಿದು ಒಳಗೊಳಗೇ ಹರಡುತ್ತದೆ.

ಮೊದಲು ಮೂರು ಪರೀಕ್ಷೆ

ಟ್ರೈಲರನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಆಮೇಲೆ ಹೀಗೆ ನೋಡಿ.

1. ನೀರಿನ ಪರೀಕ್ಷೆ: ಮಾಸಿದ ಜಾಗಕ್ಕೆ ಒಂದು ಚೊಂಬು ನೀರು ಹಾಕಿ. ಒದ್ದೆಯಾದಾಗ ಹಳೆ ಬಣ್ಣ ಎದ್ದು ಕಂಡರೆ ಕೆಳಗಿನ ಪದರ ಚೆನ್ನಾಗಿದೆ. ಪಾಲಿಶ್ ಸಾಕು.

2. ಬಟ್ಟೆಯ ಪರೀಕ್ಷೆ: ಒಣ ಬಟ್ಟೆಯಿಂದ ಒರೆಸಿ. ಪುಡಿ ಮಾತ್ರ ಬಂದರೆ ಪಾಲಿಶ್ ಸಾಕು. ಚಕ್ಕೆ ಬಂದರೆ ಆ ಜಾಗಕ್ಕೆ ಹೊಸ ಬಣ್ಣ ಬೇಕು.

3. ಟೇಪಿನ ಪರೀಕ್ಷೆ: ಬ್ಲೇಡಿನಿಂದ ಬಣ್ಣದ ಮೇಲೆ ಸಣ್ಣ ಅಡ್ಡ ಗೆರೆ, ಉದ್ದ ಗೆರೆ ಎಳೆಯಿರಿ. ಅದರ ಮೇಲೆ ಅಂಟು ಟೇಪನ್ನು ಒತ್ತಿ ಹಚ್ಚಿ ಒಮ್ಮೆಲೇ ಕೀಳಿರಿ. ಟೇಪಿನ ಜೊತೆ ಬಣ್ಣ ಎದ್ದು ಬಂದರೆ ಅದರ ಮೇಲೆ ಎಷ್ಟು ಕೋಟ್ ಬಳಿದರೂ ನಿಲ್ಲುವುದಿಲ್ಲ.

ಇಡೀ ಟ್ರೈಲರ್ ಒಂದೇ ಸ್ಥಿತಿಯಲ್ಲಿ ಇರುವುದು ಅಪರೂಪ. ಪಕ್ಕದ ತಗಡಿಗೆ ಪಾಲಿಶ್ ಸಾಕಾಗಿ, ಹಿಂಬಾಗಿಲಿನ ಅಂಚಿಗೆ, ಕೊಂಡಿಯ ಸುತ್ತ ಮಾತ್ರ ಹೊಸ ಬಣ್ಣ ಬೇಕಾಗಬಹುದು. ಕೆರೆಯುವ ಜಾಗ ಕಡಿಮೆಯಾದಷ್ಟೂ ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

ಸೀಸದ ವಿಷಯ ತಿಳಿದಿರಲಿ

ನಮ್ಮ ದೇಶದಲ್ಲಿ ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕಿಂತ ಹಿಂದಿನ ಎನಾಮೆಲ್ ಬಣ್ಣಗಳಿಗೆ ಈ ಮಿತಿ ಇರಲಿಲ್ಲ. ಕಾರ್ಖಾನೆ, ಯಂತ್ರಗಳಿಗೆ ಬಳಸುವ ಬಣ್ಣಕ್ಕೆ ಈ ನಿಯಮ ಅನ್ವಯಿಸುವುದೂ ಇಲ್ಲ. ಅದರಲ್ಲೂ ಗಾಢ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಪುಡಿ ಬಳಸುವ ರೂಢಿ ಹೆಚ್ಚು. ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಳೆ ಟ್ರೈಲರ್ ಬಣ್ಣದಲ್ಲಿ ಸೀಸ ಇದೆ ಎಂದುಕೊಂಡೇ ಕೆಲಸ ಮಾಡುವುದು ಜಾಣತನ.

ದನದ ಸ್ವಭಾವ ನಿಮಗೆ ಗೊತ್ತು. ಹೊಸ ವಸ್ತು ಕಂಡರೆ ಮೂಸುತ್ತದೆ, ನೆಕ್ಕುತ್ತದೆ. ಉಪ್ಪು, ರಂಜಕ ಕಡಿಮೆಯಾದ ರಾಸು ಗೋಡೆ, ಕಬ್ಬಿಣ, ಹಗ್ಗ ಯಾವುದನ್ನೂ ಬಿಡುವುದಿಲ್ಲ. ನುಂಗಿದ ಬಣ್ಣದ ಚಕ್ಕೆ ಭಾರವಾದ್ದರಿಂದ ಹೊಟ್ಟೆಯ ಮುಂಭಾಗದ ಚೀಲದಲ್ಲಿ ಉಳಿದು, ದಿನಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೀಸ ಬಿಡುತ್ತದೆ. ಹಾಲು ಕುಡಿಯುವ ಕರುವಿಗೆ ಸ್ವಲ್ಪವೇ ಸೀಸ ಸಾಕು. ಕರೆಯುವ ಹಸುವಿನ ದೇಹ ಸೇರಿದ ಸೀಸ ಹಾಲಿಗೂ ಬರುತ್ತದೆ, ಆ ಹಾಲು ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಮಕ್ಕಳ ಮೆದುಳಿಗೆ ಸೀಸ ಎಷ್ಟೇ ಕಡಿಮೆಯಿದ್ದರೂ ಒಳ್ಳೆಯದಲ್ಲ.

ಬಣ್ಣ ಮಾಸಿದ್ದು ಮಾತ್ರ ಆದರೆ

ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್, ವ್ಯಾಕ್ಸ್ ಪಾಲಿಶ್ ಎರಡೂ ಸಿಗುತ್ತವೆ. ಟ್ರೈಲರನ್ನು ನೆರಳಿನಲ್ಲಿ ನಿಲ್ಲಿಸಿ. ಕಾದ ತಗಡಿನ ಮೇಲೆ ಕಾಂಪೌಂಡ್ ಬೇಗ ಒಣಗಿ ಕಲೆಯಾಗುತ್ತದೆ. ಒದ್ದೆ ಬಟ್ಟೆಗೆ ಸ್ವಲ್ಪ ಕಾಂಪೌಂಡ್ ತೆಗೆದುಕೊಂಡು ಒಂದು ಸಲಕ್ಕೆ ಎರಡು ಅಡಿ ಜಾಗ ಮಾತ್ರ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಗಾಬರಿ ಬೇಡ, ಅದು ಸತ್ತ ಮೇಲ್ಪದರ. ಹೊಳಪು ಕಂಡ ಕೂಡಲೇ ನಿಲ್ಲಿಸಿ. ಅಂಚು, ಮೂಲೆಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ.

ಆಮೇಲೆ ಒರೆಸಿ, ವ್ಯಾಕ್ಸ್ ಪಾಲಿಶನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮೃದು ಬಟ್ಟೆಯಿಂದ ಉಜ್ಜಿ. ಮೇಲೆ ನೀರು ಹಾಕಿದಾಗ ಕೆಸುವಿನ ಎಲೆಯ ಮೇಲೆ ಉರುಳುವಂತೆ ಹನಿ ಹನಿಯಾಗಿ ಉರುಳಿದರೆ ವ್ಯಾಕ್ಸ್ ಸರಿಯಾಗಿ ಕೂತಿದೆ. ಟ್ರ್ಯಾಕ್ಟರಿನ ಫೈಬರ್ ಚಾವಣಿ ಮಾಸಿದ್ದರೂ ಇದೇ ವಿಧಾನ. ಕೈಗೆ ರಬ್ಬರ್ ಗವಸು ಇರಲಿ. ಉಜ್ಜಿದ ಬಟ್ಟೆಯನ್ನು ಕೆಚ್ಚಲು ಒರೆಸಲು, ಹಾಲಿನ ಕ್ಯಾನ್ ಒರೆಸಲು ಎಂದೂ ಬಳಸಬೇಡಿ.

ತುಕ್ಕು ಹಿಡಿದಿದ್ದರೆ

ಜಾಗ: ಕೊಟ್ಟಿಗೆ, ಬಣವೆ, ಬಾವಿ, ಕೆರೆ ಇವುಗಳಿಂದ ದೂರ. ಕುಮುದ್ವತಿ, ದಂಡಾವತಿ ಹೊಳೆಯಲ್ಲಾಗಲಿ ದನ ನೀರು ಕುಡಿಯುವ ಕೆರೆಯಲ್ಲಾಗಲಿ ಟ್ರೈಲರ್ ಇಳಿಸಿ ತೊಳೆಯುವುದು ಬೇಡವೇ ಬೇಡ. ನೆಲಕ್ಕೆ ತಾಡಪಾಲು ಹಾಸಿ, ಅದರ ಮೇಲೆ ಟ್ರೈಲರ್ ನಿಲ್ಲಿಸಿ.

ಕೆರೆಯುವುದು: ನೀರು ಚಿಮುಕಿಸಿ, ಒದ್ದೆ ಮಾಡಿಯೇ ಕೆರೆಯಿರಿ. ಒಣಗಿದ್ದಾಗ ಕೆರೆದರೆ ಧೂಳು ಮೂಗಿಗೂ ಹೋಗುತ್ತದೆ, ಹುಲ್ಲಿನ ಮೇಲೂ ಕೂರುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಮೊದಲು 120 ನಂಬರಿನ, ಆಮೇಲೆ 220 ನಂಬರಿನ ವಾಟರ್ ಪೇಪರ್‌ನಿಂದ ನಯ ಮಾಡಿ. ಬೆಂಕಿ ಹಿಡಿದು ಬಣ್ಣ ಸುಡಬೇಡಿ, ಆ ಹೊಗೆಯಲ್ಲೂ ಸೀಸ ಇರುತ್ತದೆ. ಮೂಗು, ಬಾಯಿಗೆ ಮಾಸ್ಕ್ ಇರಲಿ. ಬಸುರಿಯರು, ಬಾಣಂತಿಯರು, ಮಕ್ಕಳು ಹತ್ತಿರ ಬರುವುದು ಬೇಡ.

ಕಸ: ತಾಡಪಾಲಿನ ಮೇಲೆ ಬಿದ್ದದ್ದನ್ನು ಗುಡ್ಡೆ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ತಿಪ್ಪೆಗೆ ಹಾಕಬೇಡಿ, ಸುಡಬೇಡಿ. ಗ್ರಾಮ ಪಂಚಾಯಿತಿಯ ಕಸದ ಗಾಡಿಯವರಿಗೆ ಇದು ಬಣ್ಣದ ಕಸ ಎಂದು ಹೇಳಿ ಬೇರೆಯಾಗಿ ಕೊಡಿ.

ಬಳಿಯುವುದು: ತಗಡು ಪೂರ್ತಿ ಒಣಗಿದ ಮೇಲೆ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಬರಿ ತಗಡು ಒಂದು ರಾತ್ರಿ ಇಬ್ಬನಿಗೆ ಬಿದ್ದರೂ ಮತ್ತೆ ತುಕ್ಕು ಕಾಣಿಸುತ್ತದೆ. ಮರುದಿನ ಎನಾಮೆಲ್ ಮೊದಲ ಕೋಟ್, ಅದು ಒಂದು ರಾತ್ರಿ ಒಣಗಿದ ಮೇಲೆ ಎರಡನೇ ಕೋಟ್. ಡಬ್ಬಿಯ ಮೇಲೆ ಸೀಸ 90 ಭಾಗ ಮೀರಿಲ್ಲ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ.

ಲೆಕ್ಕ: 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೈಲರ್‌ನ ನಾಲ್ಕೂ ಹೊರಬದಿ ಸೇರಿ 64 ಚದರ ಅಡಿ. ಎರಡು ಕೋಟ್‌ಗೆ 128 ಚದರ ಅಡಿ. ಒಂದು ಲೀಟರ್ ಎನಾಮೆಲ್ ಸುಮಾರು 100 ಚದರ ಅಡಿಗೆ ಒಂದು ಕೋಟ್ ಬರುತ್ತದೆ ಎಂದು ಹಿಡಿದರೆ ಒಂದೂವರೆ ಲೀಟರ್ ಸಾಕು. ಹೆಚ್ಚು ತಂದರೆ ಉಳಿದದ್ದು ಕೊಟ್ಟಿಗೆಯ ಮೂಲೆ ಸೇರುತ್ತದೆ.

ಬಳಿದ ಮೇಲೆ ಒಂದು ವಾರ ಮೇವು ತುಂಬಬೇಡಿ. ಮುಟ್ಟಿದಾಗ ಒಣಗಿದಂತೆ ಕಂಡರೂ ಬಣ್ಣ ಒಳಗೆ ಗಟ್ಟಿಯಾಗಲು ದಿನ ಬೇಕು. ಹಿಂದಿನ ರಿಫ್ಲೆಕ್ಟರ್ ಪಟ್ಟಿಯ ಮೇಲೆ ಬಣ್ಣ ತಾಗಿದ್ದರೆ ಹೊಸ ಪಟ್ಟಿ ಅಂಟಿಸಿ. ರಾತ್ರಿ ಹುಲ್ಲು ತರುವ ಟ್ರೈಲರ್ ಹಿಂದಿನಿಂದ ಬರುವವರಿಗೆ ಕಾಣಲೇಬೇಕು.

ಬಂದ ಹೊಳಪನ್ನು ಉಳಿಸುವುದು

ಗೊಬ್ಬರ ಇಳಿಸಿದ ದಿನವೇ ಟ್ರೈಲರ್ ತೊಳೆಯಿರಿ. ಮೂಲೆಯಲ್ಲಿ ನೀರು ನಿಲ್ಲದಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಸಾಧ್ಯವಾದರೆ ನೆರಳಿನಲ್ಲಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ವ್ಯಾಕ್ಸ್ ಹಚ್ಚಿ. ಕಾಳಿನಷ್ಟು ತುಕ್ಕು ಕಂಡಾಗಲೇ ಪ್ರೈಮರ್ ಮುಟ್ಟಿಸಿ.

ತುಕ್ಕು ಹಿಡಿಯದಿರಲಿ ಎಂದು ಇಂಜಿನ್‌ನಿಂದ ತೆಗೆದ ಸುಟ್ಟ ಆಯಿಲ್ ಬಳಿಯುವುದು ಹಲವೆಡೆ ರೂಢಿ. ಅದನ್ನು ಬಿಡಿ. ಅದು ಹುಲ್ಲಿಗೆ ಹತ್ತಿ ದನದ ಹೊಟ್ಟೆ ಸೇರುತ್ತದೆ. ಟ್ರೈಲರ್ ಒಳಗೆ ಹೊಳಪು ಬೇಕಿಲ್ಲ. ಮೇವು ತರುವಾಗ ಅದಕ್ಕೆಂದೇ ಬೇರೆ ಇಟ್ಟ ಶುದ್ಧ ತಾಡಪಾಲು ಹಾಸಿದರೆ ಸಾಕು.

ಉಳಿದ ಬಣ್ಣ ಕೊಂಬಿಗೆ ಬೇಡ

ನಮ್ಮ ಕಡೆ ದೀಪಾವಳಿಯ ಗೋಪೂಜೆಗೂ ಹೋರಿ ಬೆದರಿಸುವ ಹಬ್ಬಕ್ಕೂ ಕೊಂಬಿಗೆ ಬಣ್ಣ ಹಚ್ಚುವುದುಂಟು. ಟ್ರೈಲರ್‌ಗೆ ಬಳಿದು ಉಳಿದ ಡಬ್ಬಿ ಆಗ ಕೈಗೆ ಸಿಗುತ್ತದೆ. ದನಗಳು ಒಂದನ್ನೊಂದು ನೆಕ್ಕುತ್ತವೆ, ಕೊಂಬನ್ನು ಗೋದಲಿಗೆ ತಿಕ್ಕುತ್ತವೆ. ಕೊಂಬಿಗೆ ಕೆಮ್ಮಣ್ಣು, ಅರಿಸಿನವೇ ಚೆಂದ. ಹಬ್ಬದ ಕಳೆ ಏನೂ ಕಡಿಮೆಯಾಗುವುದಿಲ್ಲ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಮೇವು ಬಿಡುವುದು, ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಕಿವಿ ಮತ್ತು ಕಣ್ಣುರೆಪ್ಪೆ ಅದುರುವುದು, ಕಣ್ಣು ಕಾಣದಂತೆ ಗೋಡೆಗೆ ಹಾಯುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಕರು ಇದ್ದಕ್ಕಿದ್ದಂತೆ ಬಿದ್ದು ಒದ್ದಾಡುವುದು. ಇವು ಸೀಸದ ವಿಷದ ಲಕ್ಷಣಗಳು. ಬೇರೆ ರೋಗಗಳಲ್ಲೂ ಹೀಗಾಗಬಹುದು, ಆದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರನ್ನು ಕರೆಸಿ ಅಥವಾ 1962ಕ್ಕೆ ಕರೆ ಮಾಡಿ. "ಮನೆಯಲ್ಲಿ ಇತ್ತೀಚೆಗೆ ಬಣ್ಣ ಕೆರೆದಿದ್ದೇವೆ" ಎಂಬ ಮಾತನ್ನು ಮೊದಲೇ ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿ ಬೇಗ ತಿಳಿಯುತ್ತದೆ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ನೆನಪಿಡಿ

• ಮೊದಲು ಪರೀಕ್ಷೆ, ಆಮೇಲೆ ಕೆಲಸ. ಪಾಲಿಶ್ ಸಾಕಾದಲ್ಲಿ ಕೆರೆಯಬೇಡಿ.
• ಕೆರೆಯುವುದಾದರೆ ಒದ್ದೆ ಮಾಡಿ, ತಾಡಪಾಲು ಹಾಸಿ, ಕೊಟ್ಟಿಗೆಯಿಂದ ದೂರ.
• ಕೆಲಸ ಮುಗಿಯುವವರೆಗೆ ಕರುಗಳನ್ನು ಕಟ್ಟಿಹಾಕಿ.
• ಬಣ್ಣದ ಡಬ್ಬಿ, ಸುಟ್ಟ ಆಯಿಲ್, ಹಳೆ ಬ್ಯಾಟರಿ ಯಾವುದನ್ನೂ ಕೊಟ್ಟಿಗೆಯಲ್ಲಿ ಇಡಬೇಡಿ. ಬ್ಯಾಟರಿಯಲ್ಲೂ ಸೀಸವೇ ಇರುವುದು.
• ರಾಸುಗಳಿಗೆ ದಿನವೂ ಖನಿಜ ಮಿಶ್ರಣ ಕೊಡಿ. ಕಂಡದ್ದನ್ನು ನೆಕ್ಕುವ ಚಟ ಕಡಿಮೆಯಾಗುತ್ತದೆ.

ಈ ಪಾಠವನ್ನು ಮನೆಯಲ್ಲಿ ಬಣ್ಣ ಬಳಿಯುವವರಿಗೂ ಓದಿ ಹೇಳಿ. ಟ್ರೈಲರನ್ನು ಅಂಗಳಕ್ಕೆ ತರುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು.