ಮೋಟಾರ್ ಆಮೇಲೆ, ಟ್ಯಾಂಕ್ ಮೊದಲು

ವರ್ಷಗಟ್ಟಲೆ ಮೂಲೆ ಸೇರಿದ್ದ ಕಂಪ್ರೆಸರನ್ನು ಹೊರಗೆ ತೆಗೆದವರು ಸಾಮಾನ್ಯವಾಗಿ ಮೊದಲು ಪ್ಲಗ್ ಚುಚ್ಚಿ ಸ್ವಿಚ್ ಹಾಕುತ್ತಾರೆ. ಮೋಟಾರ್ ತಿರುಗಿದರೆ ಮಷೀನು ಚೆನ್ನಾಗಿದೆ, ಗುಂಯ್ ಎಂದು ನಿಂತರೆ ಕೆಟ್ಟಿದೆ ಎಂದು ಅಲ್ಲೇ ತೀರ್ಮಾನವೂ ಆಗಿಬಿಡುತ್ತದೆ. ಇಂಥ ಹಳೆಯ ಮಷೀನುಗಳ ರಿಪೇರಿ ನನಗೆ ಕಲಿಸಿದ್ದು ಇದಕ್ಕೆ ತದ್ವಿರುದ್ಧವಾದ ಕ್ರಮ. ಟ್ಯಾಂಕಿನ ಪರೀಕ್ಷೆ ಮುಗಿಯುವ ತನಕ ಕರೆಂಟ್ ಕೊಡಲೇಬಾರದು. ಮೋಟಾರ್, ಪಿಸ್ಟನ್, ವಾಲ್ವ್ ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಟ್ಯಾಂಕ್ ಕೆಟ್ಟಿದ್ದರೆ ಕೆಲಸ ಎಂದಿನಂತೆ ನಡೆಯುತ್ತಲೇ ಇರುತ್ತದೆ, ಅಪಾಯ ಇರುವುದು ಅಲ್ಲಿ. ಬೈಕಿಗೆ ಗಾಳಿ ಹಿಡಿಯಲು, ಗೇಟು ಗ್ರಿಲ್ಲುಗಳಿಗೆ ಸ್ಪ್ರೇ ಹೊಡೆಯಲು, ಗೌರಿ ಗಣೇಶ ಹಬ್ಬದ ಮೂರ್ತಿಗಳಿಗೆ ಬಣ್ಣ ಹಾಕಲು, ಮರಗೆಲಸದ ಪಾಲಿಶ್‌ಗೆಂದು ಮೈಸೂರಿನ ಮನೆ ಶೆಡ್ಡುಗಳಲ್ಲಿ ಇಂಥ ಮಷೀನುಗಳಿವೆ. ಹಲವು ಮಷೀನುಗಳು ವರ್ಷದಲ್ಲಿ ಒಂದೆರಡು ತಿಂಗಳು ದುಡಿದು, ಉಳಿದ ಕಾಲ ಹೊಟ್ಟೆಯಲ್ಲಿ ನೀರು ಇಟ್ಟುಕೊಂಡೇ ಕೂತಿರುತ್ತವೆ.

ಆ ನೀರು ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. 28 ಡಿಗ್ರಿ ಸೆಲ್ಸಿಯಸ್ ಬಿಸಿಯ, ಶೇಕಡಾ 60ರಷ್ಟು ತೇವದ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 16 ಗ್ರಾಂ ನೀರಿನ ಆವಿ ಇರುತ್ತದೆ. 50 ಲೀಟರ್ ಟ್ಯಾಂಕನ್ನು 7 ಕೆಜಿ ಒತ್ತಡಕ್ಕೆ ತುಂಬಿಸಲು, ಅಂದರೆ 100 ಪಿಎಸ್ಐಗೆ, ಹೊರಗಿನ 350 ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆ ತುರುಕಬೇಕು. ಒತ್ತಿದ ಗಾಳಿ ತಣ್ಣಗಾದಾಗ ಅಷ್ಟು ಆವಿಯನ್ನು ಹಿಡಿದುಕೊಳ್ಳಲಾರದು. ಒಂದು ಸಲ ತುಂಬಿಸಿದರೆ 4-5 ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ನೀರು ತಳಕ್ಕೆ ಇಳಿಯುತ್ತದೆ. ಗಾಳಿ ಬಳಸಿದಂತೆಲ್ಲ ಮಷೀನು ಮತ್ತೆ ತುಂಬುತ್ತದೆ, ನೀರು ಮತ್ತೆ ಇಳಿಯುತ್ತದೆ. ತಳದ ಡ್ರೈನ್ ಕಾಕ್ ತಿರುಗಿಸುವ ಅಭ್ಯಾಸವಿಲ್ಲದ ಮನೆಯಲ್ಲಿ ಉಕ್ಕಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತಾ ಹೋಗುತ್ತದೆ. ಹೊರಗಿನ ಬಣ್ಣ ಹೊಸದರ ಹಾಗೇ ಹೊಳೆಯುತ್ತಿರಬಹುದು. ಆದ್ದರಿಂದ ನೋಡಬೇಕಾದದ್ದು ಬಣ್ಣವನ್ನಲ್ಲ, ಡ್ರೈನ್‌ನಿಂದ ಬರುವುದನ್ನು. ಬರೀ ನೀರು ಬಂದರೆ ಒಂದು ಮಾತು, ಕೆಂಪು ಕೆಸರಿನ ಜೊತೆ ತುಕ್ಕಿನ ಹಕ್ಕಳೆ ಉದುರಿದರೆ ಇನ್ನೊಂದು ಮಾತು.

ಇದಕ್ಕೆ ಇಷ್ಟೊಂದು ಹೆದರಬೇಕೇ? ಟ್ಯಾಂಕಿನ ಕೊನೆಯ ಮುಚ್ಚಳದ ಅಡ್ಡಗಲ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ 7 ಕೆಜಿಯಂತೆ ಅದನ್ನು ಹೊರಕ್ಕೆ ತಳ್ಳುತ್ತಿರುವ ಬಲ ಸುಮಾರು 5 ಟನ್. ತಗಡು ತೆಳುವಾದ ಜಾಗದಲ್ಲಿ ಬಿರುಕು ಬಿಟ್ಟರೆ ಗಾಳಿ ಮೆಲ್ಲಗೆ ಸೋರಿ ಮುಗಿಯುವುದೂ ಉಂಟು, ಇಡೀ ಟ್ಯಾಂಕ್ ಸೀಳಿ ಹಾರುವುದೂ ಉಂಟು. ಯಾವುದಾಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಮೈಸೂರಿನ ಹೆಬ್ಬಾಳ ಅಥವಾ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಇದೇ ಟ್ಯಾಂಕ್ ಇದ್ದಿದ್ದರೆ, 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಕಲಂ ಅದರ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಆಡಳಿತದ ಮೇಲೆ ಹೊರಿಸುತ್ತಿತ್ತು. ಮನೆಯ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಆ ಕೆಲಸ ಮನೆಯವರದೇ, ಮತ್ತು ಅದು ಕೈಗೆ ಎಟುಕದ ಕೆಲಸವೇನಲ್ಲ. ಪ್ಲಂಬರ್‌ಗಳು ಪೈಪ್‌ಲೈನ್ ಪರೀಕ್ಷೆಗೆ ಬಳಸುವ ಕೈಪಂಪ್ ಸಾಕು. ಟ್ಯಾಂಕಿನಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟು, ಅಂದರೆ 7 ಕೆಜಿಯದಾದರೆ ಹತ್ತೂವರೆಗೆ ಏರಿಸಿ, ಅರ್ಧ ಗಂಟೆ ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಹಾಗಾಗಿ ತಗಡು ಬಿಟ್ಟುಕೊಂಡರೂ ಒಂದು ಚಿಮ್ಮು ನೀರು ಬಂದು ಒತ್ತಡ ತಕ್ಷಣ ಬಿದ್ದುಹೋಗುತ್ತದೆ. ಇದೇ ಪರೀಕ್ಷೆಯನ್ನು ಗಾಳಿಯಿಂದ ಮಾತ್ರ ಯಾರೂ ಮಾಡಬಾರದು.

ಸೇಫ್ಟಿ ವಾಲ್ವ್ ಇದೆಯಲ್ಲ ಎಂಬುದು ನಾನು ಹೆಚ್ಚು ಕೇಳುವ ಆಕ್ಷೇಪ. ಅದು ತೆರೆಯುವುದು ಒತ್ತಡ ಮಿತಿ ಮೀರಿದಾಗ. ತುಕ್ಕು ತಿಂದ ಟ್ಯಾಂಕ್ ಮಿತಿಯೊಳಗೇ ಸೀಳಬಹುದು, ಆಗ ವಾಲ್ವ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಮೇಲಾಗಿ ವರ್ಷಗಟ್ಟಲೆ ಉಂಗುರ ಎಳೆಯದೆ ಬಿಟ್ಟ ಸೇಫ್ಟಿ ವಾಲ್ವ್ ಕಚ್ಚಿಕೊಂಡಿರುವುದೇ ಹೆಚ್ಚು. ಹಳೆಯ ಮಷೀನಿಗೆ ಅದನ್ನು ಹೊಸದಾಗಿಯೇ ಹಾಕಬೇಕು. ತೂತಿಗೆ ವೆಲ್ಡಿಂಗ್ ಮಾಡಿಸಿದರಾಯಿತು ಎನ್ನುವವರೂ ಇದ್ದಾರೆ. ತೂತು ಬಿದ್ದಿದೆ ಎಂದರೆ ಅದರ ಸುತ್ತಲಿನ ತಗಡೂ ಸವೆದಿದೆ ಎಂದೇ ಅರ್ಥ. ವೆಲ್ಡಿಂಗ್ ಆ ಸವೆದ ಜಾಗವನ್ನು ಕಾಯಿಸಿ ಇನ್ನಷ್ಟು ದುರ್ಬಲ ಮಾಡುತ್ತದೆ. ಹೊಸದನ್ನೇ ಕೊಂಡರೆ ತಲೆನೋವೇ ಇಲ್ಲವಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ ಎಂದು ಒಪ್ಪುತ್ತೇನೆ. ಆದರೆ ಬೆಲ್ಟಿನಿಂದ ಓಡುವ, ಎರಕದ ಕಬ್ಬಿಣದ ಹೆಡ್ ಇರುವ ಮಷೀನನ್ನು ರಿಂಗ್, ಗ್ಯಾಸ್ಕೆಟ್, ವಾಲ್ವ್ ಪ್ಲೇಟ್ ಬದಲಿಸುತ್ತಾ ಬಹುಕಾಲ ದುಡಿಸಬಹುದು. ಟ್ಯಾಂಕ್ ಒಂದು ಹೋಗಿದ್ದರೆ ಬೇರೆ ಟ್ಯಾಂಕಿನ ಮೇಲೆ ಅದೇ ಹೆಡ್ಡು ಮೋಟಾರು ಕೂರಿಸಬಹುದು. ಉಳಿಸಲು ಯೋಗ್ಯವಾದದ್ದು ಇರುವುದರಿಂದಲೇ ಉಳಿಸಬಾರದ್ದನ್ನು ಮೊದಲು ಗುರುತಿಸಬೇಕು ಎನ್ನುತ್ತೇನೆ.

ಟ್ಯಾಂಕ್ ಪಾಸಾದ ಮೇಲಿನ ಕೆಲಸ ಹಗುರ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಚೆಲ್ಲಿ ಕಂಪ್ರೆಸರ್ ಎಣ್ಣೆಯನ್ನೇ ಹಾಕಬೇಕು. ಸ್ವಿಚ್ ಹಾಕುವ ಮೊದಲು ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಮೋಟಾರ್ ಗುಂಯ್ ಎಂದು ನಿಂತರೆ ವೈಂಡಿಂಗ್ ಸುಟ್ಟಿದೆ ಎಂದು ಹೇಳುವ ಮೊದಲು ಕೆಪಾಸಿಟರ್, ವೋಲ್ಟೇಜ್, ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಮೂರನ್ನೂ ನೋಡಬೇಕು. ಮಷೀನು ನಿಂತಾಗ ಪ್ರೆಶರ್ ಸ್ವಿಚ್ಚಿನ ಬಳಿ ಒಮ್ಮೆ ಸುಸ್ ಎಂದು ಸುಮ್ಮನಾಗಬೇಕು. ಸದ್ದು ನಿಲ್ಲದೆ ಬರುತ್ತಿದ್ದರೆ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿಲ್ಲ, ಸ್ವಿಚ್ ಬದಲಿಸಿ ಪ್ರಯೋಜನವಿಲ್ಲ. ಗಾಳಿ ಏರುವುದು ನಿಧಾನವಾಗಿದ್ದರೆ ಗಡಿಯಾರ ಹಿಡಿದು ನೋಡಿ. ನಿಮಿಷಕ್ಕೆ 100 ಲೀಟರ್ ಕೊಡುವ ಹೆಡ್ಡು 50 ಲೀಟರ್ ಟ್ಯಾಂಕನ್ನು 7 ಕೆಜಿಗೆ ಸುಮಾರು ಮೂರೂವರೆ ನಿಮಿಷದಲ್ಲಿ ತುಂಬಬೇಕು. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಶೇಕಡಾ 8ರಷ್ಟು ಕಡಿಮೆ. ಅದಕ್ಕಾಗಿ ಹದಿನೈದು ಇಪ್ಪತ್ತು ಸೆಕೆಂಡ್ ಹೆಚ್ಚು ಹಿಡಿದರೆ ಗಾಬರಿ ಬೇಡ. ಏಳೆಂಟು ನಿಮಿಷ ಹಿಡಿದರೆ ಮಾತ್ರ ಫಿಲ್ಟರ್ ನೋಡಿ, ಹೆಡ್ ಬಿಚ್ಚಿ, ವಾಲ್ವ್ ಪ್ಲೇಟಿಗೆ ಕಟ್ಟಿದ ಮಸಿ ತೆಗೆಯಬೇಕು.

ಪರೀಕ್ಷೆಯಲ್ಲಿ ಸೋತ ಟ್ಯಾಂಕನ್ನು ಇದ್ದ ಹಾಗೆ ಗುಜರಿಗೆ ಹಾಕುವುದು ತಪ್ಪು. ಮೇಲೊಂದು ಕೋಟ್ ಬಣ್ಣ ಬಳಿದರೆ ಅದು ಮತ್ತೆ ಸೆಕೆಂಡ್ ಹ್ಯಾಂಡ್ ಮಾಲಾಗಿ ಇನ್ನೊಬ್ಬರ ಶೆಡ್ ಸೇರಬಲ್ಲದು. ಒಳಗೆ ಗಾಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಡ್ರಿಲ್‌ನಿಂದ ನಾಲ್ಕಾರು ಕಡೆ ತೂತು ಹೊಡೆದು, ಬಳಿಕವೇ ತೂಕಕ್ಕೆ ಹಾಕಬೇಕು.