ಸೈಕಲ್ ಅಂಗಡಿ ಮತ್ತು ಮಾರಾಟದ ನಂತರದ ಸೇವೆ

ಸೈಕಲ್ ಮಾರಾಟವಾಗುವುದು ಒಮ್ಮೆ. ಅದರ ದುರಸ್ತಿ ವರ್ಷಗಟ್ಟಲೆ ನಡೆಯುತ್ತದೆ. ಆದುದರಿಂದ ಈ ವ್ಯಾಪಾರದಲ್ಲಿ ಗ್ರಾಹಕ ಸೇವೆಯ ಬಹುಪಾಲು ಮಾರಾಟದ ಮರುದಿನದಿಂದ ಆರಂಭವಾಗುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ. ಸಡಿಲಾದ ಬ್ರೇಕ್ ಬಿಗಿಸಿಕೊಳ್ಳಲು ಅಷ್ಟು ದೂರ ಸೈಕಲ್ ಒಯ್ಯುವವರು ವಿರಳ. ಸಾಮೀಪ್ಯವೇ ಓಣಿಯ ಅಂಗಡಿಯ ಮೊದಲ ಬಂಡವಾಳ.

ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಆ ಸೈಕಲ್‌ಗಳನ್ನು ಮಾರಿದವರು ಸ್ಥಳೀಯ ಅಂಗಡಿಕಾರರಲ್ಲ. ಆದರೂ ಪಂಕ್ಚರಾದಾಗ ಅವು ಬರಬೇಕಾದುದು ಸ್ಥಳೀಯ ಅಂಗಡಿಗೇ. ಅಂತರ್ಜಾಲದ ಮೂಲಕ ಕೊಂಡ ಸೈಕಲ್‌ಗಳ ವಿಷಯವೂ ಇದೇ. ಅವು ಅರೆಜೋಡಣೆಯ ಸ್ಥಿತಿಯಲ್ಲಿ ಪೆಟ್ಟಿಗೆಯೊಳಗೆ ಮನೆಗೆ ಬರುತ್ತವೆ. ಎಡ ಪೆಡಲನ್ನು ಎಡಕ್ಕೆ ತಿರುಗಿಸಿ ಬಿಗಿಯಬೇಕೆಂಬುದನ್ನು ಅರಿಯದೆ ಬಲವಂತ ಮಾಡಿದರೆ ಕ್ರ್ಯಾಂಕಿನ ಥ್ರೆಡ್ ಕೆಡುತ್ತದೆ. ಇಂತಹ ಗ್ರಾಹಕನಿಗೆ “ಎಲ್ಲಿ ತಗೊಂಡೀರೋ ಅಲ್ಲೇ ಒಯ್ರಿ” ಎಂದು ಹೇಳಿದರೆ ಆ ದಿನದ ಸಿಟ್ಟು ತೀರಬಹುದು. ಆದರೆ ಮುಂದಿನ ಟ್ಯೂಬು, ಟಯರು, ಬ್ರೇಕ್ ರಬ್ಬರುಗಳ ವ್ಯಾಪಾರವೂ ಕೈತಪ್ಪುತ್ತದೆ. ಜೋಡಣೆಯ ದರವನ್ನು ಫಲಕದಲ್ಲಿ ಬರೆದಿಟ್ಟು ಕೆಲಸ ಒಪ್ಪಿಕೊಳ್ಳುವುದು ವಿವೇಕದ ಮಾರ್ಗ.

ತನ್ನಲ್ಲಿಯೇ ಕೊಂಡ ಗ್ರಾಹಕನನ್ನು ಅಂಗಡಿಯವರು ಒಂದು ತಿಂಗಳೊಳಗೆ ಮತ್ತೆ ಕರೆಯಬೇಕು. ಹೊಸ ಸೈಕಲ್ಲಿನ ಬ್ರೇಕ್ ಮತ್ತು ಗೇರ್ ಕೇಬಲ್‌ಗಳು ಮೊದಲ ಬಳಕೆಯಲ್ಲಿ ಸಡಿಲಾಗುತ್ತವೆ, ಕಡ್ಡಿಗಳ ಬಿಗಿತ ಬದಲಾಗುತ್ತದೆ. ಆಗ ಮಾಡುವ ಉಚಿತ ತಪಾಸಣೆಯಿಂದ ಮುಂದಿನ ದೊಡ್ಡ ದೋಷಗಳು ತಪ್ಪುತ್ತವೆ. ದುರಸ್ತಿಗೆ ಮುನ್ನ ಅಂದಾಜು ವೆಚ್ಚವನ್ನು ತಿಳಿಸುವುದು, ಬದಲಾಯಿಸಿದ ಹಳೆಯ ಭಾಗವನ್ನು ತೋರಿಸುವುದು, ಹೇಳಿದ ದಿನಕ್ಕೆ ಕೆಲಸ ಮುಗಿಸಿಕೊಡುವುದು ವಿಶ್ವಾಸ ಬೆಳೆಸುವ ಸರಳ ಕ್ರಮಗಳು. ಮಕ್ಕಳ ಸೈಕಲ್ ಮಾರುವಾಗ ಮಗುವಿನ ಕಾಲು ನೆಲಕ್ಕೂ ಬೆರಳು ಬ್ರೇಕಿಗೂ ನಿಲುಕುವುದನ್ನು ನೋಡಬೇಕು. “ಬೆಳೆಯೋ ಹುಡುಗ, ದೊಡ್ಡದೇ ಇರಲಿ” ಎನ್ನುವ ಪಾಲಕರಿಗೆ ಅಪಾಯವನ್ನು ತಿಳಿಸಿ ಸಣ್ಣ ಸೈಕಲ್ ಕೊಡುವವನೇ ನಿಜವಾದ ವ್ಯಾಪಾರಿ.

ಕಾನೂನಿನ ಹೊಣೆಯೂ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದ ಸರಕಿಗೆ ಅಥವಾ ನೀಡಿದ ಸೇವೆಗೆ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಆ ಇಳಿಕೆಯು ಗ್ರಾಹಕನಿಗೆ ಸಂದಿದೆಯೆಂಬುದಕ್ಕೆ ಸ್ಪಷ್ಟವಾದ ರಸೀದಿಯೇ ಸಾಕ್ಷಿ.

ದರದ ಪೈಪೋಟಿಯಲ್ಲಿ ಸಣ್ಣ ಅಂಗಡಿಯು ದೊಡ್ಡ ಮಾರಾಟಗಾರರನ್ನು ಸರಿಗಟ್ಟುವುದು ಕಠಿಣ. ಪಾನಾ ಹಿಡಿದ ಪಳಗಿದ ಕೈ ಮತ್ತು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಗುಣ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅವಳಿ ನಗರದ ಸೈಕಲ್ ವ್ಯಾಪಾರಸ್ಥರು ಇವೆರಡನ್ನು ಕಾಪಾಡಿಕೊಂಡರೆ ಗ್ರಾಹಕನು ಅವರ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾನೆ.